ಸೋಮವಾರ ಕಾಪು, ಗುರುವಾರ ಬಜಗೋಳಿ

ಕಾಪುವಿನಲ್ಲಿ ನಮ್ಮ ಕೇಂದ್ರ ಇದ್ದದ್ದು ಒಂದು ಐಸ್‌ಕ್ರೀಮ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಆ ಜಾಗ ಹುಡುಕಿದವರು ಯಾರೋ, ಅವರಿಗೆ ಈಗಲೂ ಕೈ ಮುಗಿಯುತ್ತೇನೆ. ಆ ಯೋಜನೆಯಲ್ಲಿ ಸರಿಯಾಗಿ ಆದದ್ದು ಅದೊಂದೇ. ಮನಸ್ಸಿನ ಕಾಯಿಲೆಗೆಂದು ಬಂದವರು ಮೆಟ್ಟಿಲ ಬುಡದಲ್ಲಿ ನೆಂಟರ ಕೈಗೆ ಸಿಕ್ಕಿಬಿದ್ದರೆ, ಐಸ್‌ಕ್ರೀಮ್ ತಿನ್ನಲು ಬಂದದ್ದು ಎಂದು ಹೇಳಿ ಪಾರಾಗಬಹುದಿತ್ತು. ಜಡಿಮಳೆಯಲ್ಲಿ ಎಂತ ಐಸ್‌ಕ್ರೀಮ್ ಎಂದು ಕೇಳಿದರೆ ಮಾತ್ರ ಕಷ್ಟ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಜನರ ಕೈಗೆ ಮೊಬೈಲು ಬಂದಿತ್ತು, ಆದರೆ ಅದರಲ್ಲಿ ಮುಖ ನೋಡಿ ಮಾತಾಡುವ ಕಾಲ ಇನ್ನೂ ಬಂದಿರಲಿಲ್ಲ. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಕುಳಿತ ಮನೋವೈದ್ಯೆ ದೂರದ ಊರುಗಳ ಹರೆಯದ ಹುಡುಗ ಹುಡುಗಿಯರನ್ನು ಟಿವಿಯ ಮೂಲಕ ನೋಡಿ ಮದ್ದು ಕೊಡುವುದು, ಇದು ಯೋಜನೆ. ಆರಿಸಿದ ಊರು ಎರಡು. ಸಮುದ್ರದ ಬದಿಗೆ ಕಾಪು, ಘಟ್ಟದ ಬದಿಗೆ ಕಾರ್ಕಳ ತಾಲೂಕಿನ ಬಜಗೋಳಿ. ಕಾಪುವಿನಿಂದ ಮಣಿಪಾಲ ಎಷ್ಟು ದೂರ ಮಹಾ, ಬಸ್ಸು ಹತ್ತಿದರೆ ಒಂದು ಗಂಟೆಯೂ ಬೇಡ ಎಂದು ನೀವು ಕೇಳಬಹುದು. ಬಸ್ಸಿನ ದೂರ ಅಷ್ಟೇ, ನಿಜ. ಆದರೆ ಮನೋರೋಗ ವಿಭಾಗ ಎಂದು ಬರೆದ ಬೋರ್ಡಿನ ಕೆಳಗೆ, ಎಲ್ಲರ ಕಣ್ಣೆದುರು, ಬೆಂಚಿನ ಮೇಲೆ ಕುಳಿತುಕೊಳ್ಳುವುದುಂಟಲ್ಲ, ಅಲ್ಲಿಗೆ ಹೋಗುವ ಬಸ್ಸು ಯಾವ ಊರಿನಲ್ಲೂ ಇರಲಿಲ್ಲ.

ನಾನು ಎರಡೂ ಕೇಂದ್ರಗಳ ಸಮಾಜ ಕಾರ್ಯಕರ್ತೆ. ಮನೆಮಾತು ತುಳು. ಡಾಕ್ಟರಮ್ಮ ಧಾರವಾಡದ ಕಡೆಯವರು, ತುಳುವಿನ ಗಂಧ ಇಲ್ಲ. ಹಾಗಾಗಿ ರೋಗಿಯ ಪಕ್ಕದಲ್ಲಿ ಕುಳಿತು ಆಚೆ ಈಚೆ ಮಾತು ದಾಟಿಸುವುದು ನನ್ನ ಕೆಲಸ. ಯಂತ್ರ ನಡೆಸುವುದೂ ನಾನೇ. ಮೂರು ಟೆಲಿಫೋನ್ ಲೈನುಗಳನ್ನು ಕೂಡಿಸಿ ಒಂದು ದಾರಿ ಮಾಡಿಕೊಟ್ಟಿದ್ದರು. ಪೆಟ್ಟಿಗೆಯ ಸ್ವಿಚ್ಚು ಹಾಕಿ, ಹಸಿರು ದೀಪ ಮಿನುಗುವುದು ನಿಂತ ಮೇಲೆ ನಂಬರು ಒತ್ತಬೇಕು. ಆಗ ಟಿವಿಯಲ್ಲಿ ಡಾಕ್ಟರಮ್ಮನ ಮುಖ ಚೌಕ ಚೌಕವಾಗಿ ಬಂದು ಕೂಡಿಕೊಳ್ಳುತ್ತಿತ್ತು. ತುಟಿ ಅಲ್ಲಾಡಿ ನಿಂತ ಮೇಲೆ ಮಾತು ಕೇಳುತ್ತಿತ್ತು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಎರಡು ಮಾತೂ ಹಾಳು. ಅದಕ್ಕೆ ಬಂದವರಿಗೆಲ್ಲ ಮೊದಲು ನಾನು ಕಲಿಸುತ್ತಿದ್ದದ್ದು ಇದನ್ನೇ: ಆ ಕಡೆಯ ಮಾತು ಮುಗಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೇಳಿ.

ಸೋಮವಾರ ಬೆಳಿಗ್ಗೆ ಕಾಪು, ಗುರುವಾರ ಬೆಳಿಗ್ಗೆ ಬಜಗೋಳಿ. ಎರಡಕ್ಕೂ ಅಷ್ಟಷ್ಟೇ ಹೊತ್ತು. ನಮ್ಮ ಯೋಜನೆಯ ಮುಖ್ಯಸ್ಥರಿಗೆ ಇದರ ಬಗ್ಗೆ ದೊಡ್ಡ ಹೆಮ್ಮೆ. "ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ಸಮಾನತೆ ಅಂದರೆ ಇದು," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಯಾರ ಮೇಲೂ ದನಿ ಏರಿಸಿದವರಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ ಹುಡುಗ ಬಂದದ್ದು ಜೂನ್ ತಿಂಗಳ ಕೊನೆಗೆ. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳೆಲ್ಲ ಮಲ್ಪೆಯ ಬಂದರಿನಲ್ಲಿ ಸಾಲಾಗಿ ನಿಂತಿದ್ದವು. ಮೆಟ್ಟಿಲು ಹತ್ತಿ ಮೊದಲು ಬಂದದ್ದು ಅವನ ಸೋದರಮಾವ, ಹಿಂದೆ ಅವನು, ಕೊನೆಗೆ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ ಅವನ ತಾಯಿ. ಸೋದರಮಾವ ಆಳ ಸಮುದ್ರಕ್ಕೆ ಹೋಗುವ ಒಂದು ಬೋಟಿನ ತಾಂಡೇಲ. ಬೋಟಿನ ಮಾಲಕರು ಬೇರೆ ಇರುತ್ತಾರೆ. ನೀರಿನ ಮೇಲೆ ಬೋಟು ನಡೆಸುವುದು, ಎಲ್ಲಿ ಬಲೆ ಬಿಡಬೇಕು, ಯಾರನ್ನು ಕೆಲಸಕ್ಕೆ ಹತ್ತಿಸಿಕೊಳ್ಳಬೇಕು ಎಂದು ತೀರ್ಮಾನಿಸುವುದು ತಾಂಡೇಲ. ಹುಡುಗ ಶಾಲೆ ಬಿಟ್ಟಂದಿನಿಂದ ಆ ಬೋಟಿನಲ್ಲೇ ಇದ್ದ. ಹತ್ತೊಂಬತ್ತರ ಪ್ರಾಯ, ಅಗಲ ಭುಜ, ನೆಲ ನೋಡುವ ಕಣ್ಣು.

"ಇವನಿಗೆ ನೀರಿನಿಂದ ಯಾರೋ ಕರೆದ ಹಾಗೆ ಆಗ್ತದಂತೆ," ಎಂದರು ತಾಂಡೇಲರು. "ಒಂದು ಹೆಂಗಸಿನ ಸ್ವರ. ಅಂಬಲಪಾಡಿ ದೇವಸ್ಥಾನಕ್ಕೆ ಹರಕೆ ಹೇಳಿ ಆಯ್ತು, ಉಳಿದದ್ದೆಲ್ಲ ಆಯ್ತು. ಇನ್ನು ನಿಮ್ಮ ಟಿವಿ ಒಂದು ಬಾಕಿ ಉಂಟು ನೋಡಿ."

ಆಮೇಲೆ ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ ಹೇಳಿದರು. "ಒಂದು ಮಾತು ಮೇಡಂ. ಇದು ಬೋಟಿನವರಿಗೆ ಗೊತ್ತಾಗಬಾರದು. ಗೊತ್ತಾದರೆ ಇವನನ್ನು ಯಾರೂ ಹತ್ತಿಸುದಿಲ್ಲ. ನಾನೇ ಹತ್ತಿಸ್ಲಿಕ್ಕೆ ಆಗುದಿಲ್ಲ. ಇವನಿಗೆ ಬೋಟು ಬಿಟ್ಟರೆ ಬೇರೆ ಎಂತದೂ ಬೇಡ. ತಾಂಡೇಲ ಆಗಬೇಕು ಅಂತ ಚಿಕ್ಕಂದಿನಿಂದ ಒಂದೇ ಹಠ."

ಯಾರಿಗೂ ಗೊತ್ತಾಗದು ಎಂದೆ. ಅದಕ್ಕೇ ಅಲ್ಲವೇ ನಾವು ಐಸ್‌ಕ್ರೀಮ್ ಅಂಗಡಿಯ ಮೇಲೆ ಕುಳಿತದ್ದು.

ಹುಡುಗ ಕುರ್ಚಿಯಲ್ಲಿ ಕೂರುವ ಮೊದಲು ಟಿವಿಯ ಹಿಂದೆ ಹೋಗಿ ಇಣುಕಿ ಬಂದ. ತೆರೆಯ ಮೇಲೆ ಡಾಕ್ಟರಮ್ಮ ಬಂದು, "ಹ್ಯಾಂಗ್ ಅದೀಪಾ ತಮ್ಮಾ? ನಿದ್ದಿ ಛಲೋ ಬರ್ತದೇನು?" ಎಂದರು. ಅವನು ನನ್ನ ಕಡೆ ತಿರುಗಿ ತುಳುವಿನಲ್ಲಿ, "ಇದು ಕನ್ನಡವಾ ಅಕ್ಕ?" ಎಂದು ಕೇಳಿದ. ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ ಅವನೂ ಸ್ವಲ್ಪ ನಕ್ಕ. ಅವನ ಮಾತೆಲ್ಲ ತುಳುವಿನದೇ. ಆಗ ಡಾಕ್ಟರಮ್ಮನಿಗೆ ದಾಟಿಸಿದ ಹಾಗೆಯೇ ಈಗ ನಿಮಗೂ ದಾಟಿಸುತ್ತಿದ್ದೇನೆ.

ಮೂರನೆಯ ಸೋಮವಾರದ ಹೊತ್ತಿಗೆ ಅವನು ಬಾಯಿ ಬಿಟ್ಟ. ಸ್ವರ ಯಾವಾಗ ಕೇಳುತ್ತದೆ, ಏನು ಹೇಳುತ್ತದೆ, ಇಂಜಿನ್ನು ನಿಲ್ಲಿಸಿದಾಗ ಹೇಗೆ ಜೋರಾಗುತ್ತದೆ, ಎಲ್ಲ ಹೇಳಿದ. ಮೊದಲು ಒಮ್ಮೆ ತಾಯಿ ಅವನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದರಂತೆ. ಬಂದರಿನಿಂದ ನೇರ ಹೋಗಿದ್ದ. ಬೆಂಚಿನಲ್ಲಿ ಪಕ್ಕ ಕುಳಿತವರು ಮೂಗು ಮುಚ್ಚಿಕೊಂಡು ಸರಿದು ಕುಳಿತರು. ಇವನು ಎದ್ದು ಬಂದುಬಿಟ್ಟ. "ಇಲ್ಲಿ ಹಾಗಿಲ್ಲ ಅಕ್ಕ," ಎಂದ ಟಿವಿಯ ಕಡೆ ಗಲ್ಲ ಎತ್ತಿ. "ಅವರಿಗೆ ನನ್ನ ಮೀನಿನ ನಾತ ಹೋಗುದಿಲ್ಲ ಅಲ್ವಾ." ಅದನ್ನು ಹಾಗೇ ಕನ್ನಡಕ್ಕೆ ದಾಟಿಸಿದೆ. ಯಂತ್ರಗಳನ್ನು ಕಂಡರೆ ಆಗದ ನಾನು ಆವತ್ತು ಆ ಟಿವಿಯನ್ನು ಬಟ್ಟೆಯಿಂದ ಒರೆಸಿ ಬಂದೆ.

ಗುಳಿಗೆ ಹಿಡಿಯಿತು. ಜುಲೈ ಕಳೆಯುವಷ್ಟರಲ್ಲಿ ಸ್ವರ ದೂರವಾಗಿತ್ತು. ಆದರೆ ಕೈಬೆರಳು ನಡುಗತೊಡಗಿತ್ತು. ಅಂಥ ಗುಳಿಗೆಗಳಿಂದ ಕೆಲವರಿಗೆ ಹಾಗೆ ಆಗುವುದುಂಟು. ಪ್ರಮಾಣ ಇಳಿಸಿದರೆ, ಇಲ್ಲವೇ ಜೊತೆಗೆ ಇನ್ನೊಂದು ಗುಳಿಗೆ ಕೊಟ್ಟರೆ ನಿಲ್ಲುತ್ತದೆ. ತಮಾಷೆ ಏನು ಗೊತ್ತೇ, ಆ ನಡುಕ ಟಿವಿಯಲ್ಲಿ ಕಾಣುತ್ತಲೇ ಇರಲಿಲ್ಲ. "ಕೈ ಮುಂದ ಚಾಚು," ಎಂದರು ಡಾಕ್ಟರಮ್ಮ. ಅವನು ಚಾಚಿದ. ನನ್ನ ಕಣ್ಣೆದುರು ಬೆರಳು ಥರಥರ ಎನ್ನುತ್ತಿತ್ತು, ಅವರಿಗೆ ಕಲ್ಲಿನಂತೆ ಸ್ಥಿರ. ಆ ಲೈನಿನಲ್ಲಿ ಚಿತ್ರ ಹೋಗುತ್ತಿದ್ದದ್ದೇ ಬಿಟ್ಟು ಬಿಟ್ಟು. ಸಣ್ಣ ಅಲುಗಾಟವೆಲ್ಲ ನಡುವಿನಲ್ಲೇ ಕಳೆದುಹೋಗುತ್ತಿತ್ತು.

"ಕೈ ಸರಿ ಅದಲ್ರೀ," ಎಂದರು.

"ಇಲ್ಲ ಡಾಕ್ಟ್ರೆ, ನಡುಗ್ತಾ ಉಂಟು."

"ನನಗ ಕಾಣವಲ್ದು."

ಒಂದು ಹಾಳೆ ಹರಿದು ಅವನ ಬೆರಳುಗಳ ಮೇಲೆ ಹಾಸಿದೆ. ಹಾಳೆಯ ಅಂಚು ಪಟಪಟ ಎಂದಿತು. ಮೈಕಿನ ಹತ್ತಿರ ಹಿಡಿದಾಗ ಆ ಸದ್ದು ಆ ಕಡೆಗೆ ಕೇಳಿಸಿತು. ಕಣ್ಣಿಗೆ ಕಾಣದ ರೋಗವನ್ನು ಕಿವಿಗೆ ಕೇಳಿಸಿದೆವು. ಡಾಕ್ಟರಮ್ಮ ಜೋರಾಗಿ ನಕ್ಕು, ನಡುಕಕ್ಕೆ ಇನ್ನೊಂದು ಗುಳಿಗೆ ಬರೆಸಿದರು. ಎರಡು ವಾರ ಬಿಟ್ಟು ನೋಡಿ, ಬೇಕಾದರೆ ಮೊದಲ ಗುಳಿಗೆಯನ್ನೇ ಇಳಿಸುವುದು ಎಂದು ಮಾತಾಯಿತು.

ಆ ಎರಡು ವಾರ ಬರಲೇ ಇಲ್ಲ. ಆಗಸ್ಟಿನಲ್ಲಿ ನಿಷೇಧ ಮುಗಿದು ಸಮುದ್ರ ತೆರೆಯಿತು.

ಆಳ ಸಮುದ್ರದ ಬೋಟು ಒಮ್ಮೆ ಹೋದರೆ ವಾರ, ಹತ್ತು ದಿನ ನೀರಿನ ಮೇಲೆ. ಯಾವತ್ತು ಬರುತ್ತದೆ ಎನ್ನುವುದು ಮೀನಿಗೆ ಗೊತ್ತು, ಗಾಳಿಗೆ ಗೊತ್ತು, ನಮ್ಮ ಸೋಮವಾರಕ್ಕೆ ಗೊತ್ತಿಲ್ಲ. ಬಂದ ಮೇಲೆ ಮೀನು ಇಳಿಸಿ, ಐಸು ತುಂಬಿಸಿ, ಡೀಸೆಲ್ ಹಾಕಿಸಿ ಮತ್ತೆ ಹೊರಡುವ ನಡುವೆ ಕೆಲಸದವರಿಗೆ ಸಿಗುವುದು ಅರ್ಧ ದಿನ. ಮೊದಲ ಸಲ ಬೋಟು ಬಂದದ್ದು ಗುರುವಾರ. ನಾನು ಬಜಗೋಳಿಯಲ್ಲಿದ್ದೆ. ಅಲ್ಲಿ ಆವತ್ತು ಯಾರೂ ಬಂದಿರಲಿಲ್ಲ. ಹಸಿರು ದೀಪ ಉರಿಯುತ್ತಿತ್ತು, ತೆರೆಯ ಮೇಲೆ ಡಾಕ್ಟರಮ್ಮ ಚಹಾ ಕುಡಿಯುತ್ತಿದ್ದರು, ಕುರ್ಚಿ ಖಾಲಿ. ಅಷ್ಟರಲ್ಲಿ ಹುಡುಗನ ಫೋನು. ಕಾಪುವಿನ ಕೇಂದ್ರದ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ.

"ಅಕ್ಕ, ಬಾಗಿಲಿಗೆ ಬೀಗ ಉಂಟು. ಕೈ ನಡುಕ ಜಾಸ್ತಿ ಆಗಿದೆ. ಬೋಟಿನವರು ಕೇಳ್ತಾರೆ, ಕುಡೀಲಿಕ್ಕೆ ಶುರು ಮಾಡಿದ್ದೀಯಾ ಅಂತ."

"ಗುಳಿಗೆ ಕಂಡರೆ ಎಂತ ಹೇಳ್ತೀ?"

"ಗ್ಯಾಸ್ಟ್ರಿಕ್ ಅಂತ ಹೇಳಿದ್ದೇನೆ."

ಬೀಗದ ಕೈ ಕೆಳಗಿನ ಅಂಗಡಿಯಲ್ಲಿತ್ತು. ಸ್ವಿಚ್ಚು ಹಾಕುವುದನ್ನು ಫೋನಿನಲ್ಲೇ ಹೇಳಿಕೊಡಬಹುದಿತ್ತು, ಮಾತನ್ನೂ ಅದರಲ್ಲೇ ದಾಟಿಸಬಹುದಿತ್ತು. ಹುಡುಗ ಬಲೆ ಎಳೆಯುವ ಯಂತ್ರ, ವಿಂಚು, ನಡೆಸುವವನು, ಒಂದು ಪೆಟ್ಟಿಗೆ ಯಾವ ಲೆಕ್ಕ. ಡಾಕ್ಟರಮ್ಮನೂ ಆಗಲಿ ಎಂದರು. ಆದರೆ ಲೈನನ್ನು ಗುರುವಾರ ಕಾಪುವಿಗೆ ತಿರುಗಿಸಲು ಮುಖ್ಯಸ್ಥರ ಒಪ್ಪಿಗೆ ಬೇಕು. ಫೋನು ಮಾಡಿದೆ.

"ಗುರುವಾರ ಬಜಗೋಳಿಯ ಪಾಳಿ ಅಲ್ವಾ?" ಎಂದರು.

"ಇಲ್ಲಿ ಯಾರೂ ಇಲ್ಲ ಸರ್. ಕುರ್ಚಿಗೆ ಮದ್ದು ಕೊಡುದಾ?"

"ನಿಮ್ಮ ಕಾಳಜಿ ನನಗೆ ಅರ್ಥ ಆಗ್ತದೆ. ಆದರೆ ಇವತ್ತು ಒಬ್ಬರಿಗಾಗಿ ತಿರುಗಿಸಿದರೆ ನಾಳೆ ಬಜಗೋಳಿಯವರು ಕೇಳ್ತಾರೆ, ನಮ್ಮ ಹೊತ್ತನ್ನು ಕಾಪುವಿಗೆ ಯಾಕೆ ಕೊಟ್ಟಿರಿ ಅಂತ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಮಾಡ್ಲಿಕ್ಕೆ ಆಗುದಿಲ್ಲ. ಸೋಮವಾರ ಬರ್ಲಿಕ್ಕೆ ಹೇಳಿ."

ಸೋಮವಾರ ಅವನು ಎಲ್ಲಿರುತ್ತಾನೆ ಎಂದು ಹೇಳಿದೆ. ಅವರು ಪಾಪ, ಬೇಸರದಿಂದಲೇ ಫೋನಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅಷ್ಟೂ ಹೊತ್ತು ಆ ಖಾಲಿ ಕುರ್ಚಿಯ ಎದುರು ಡಾಕ್ಟರಮ್ಮನೂ ನಾನೂ ಮುಖ ಮುಖ ನೋಡಿಕೊಂಡು ಕುಳಿತೆವು. ಇಬ್ಬರಿಗೂ ಸಮಾನವಾಗಿ ಸಿಟ್ಟು ಬಂದಿತ್ತು, ಸಮಾನತೆ ಅಷ್ಟು ಮಾತ್ರ.

ಆಮೇಲೆ ನಾವು ಕಳ್ಳದಾರಿ ಹಿಡಿದೆವು. ಬೋಟು ದಡಕ್ಕೆ ಹತ್ತಿರವಾಗಿ ತಾಂಡೇಲರ ಮೊಬೈಲಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಹುಡುಗ ನನಗೆ ಫೋನು ಮಾಡುವುದು, ನಾನು ಇನ್ನೊಂದು ಫೋನಿನಲ್ಲಿ ಡಾಕ್ಟರಮ್ಮನನ್ನು ಹಿಡಿಯುವುದು, ಒಂದು ಕಿವಿಗೆ ಅವನು, ಒಂದು ಕಿವಿಗೆ ಅವರು. ಎರಡು ಸಲ ಹೀಗೆ ನಡೆಯಿತು. ಎರಡನೆಯ ಸಲ ಡಾಕ್ಟರಮ್ಮ ಗುಳಿಗೆ ಇಳಿಸಲು ಮನಸ್ಸು ಮಾಡಿದ್ದರು. ಆದರೆ ಬರೆದು ಸಹಿ ಮಾಡುವಾಗ ವಿಷಯ ಮೇಲೆ ಹೋಯಿತು. ತಿಂಗಳ ಸಭೆಯಲ್ಲಿ ಮುಖ್ಯಸ್ಥರು ನಿಯಮ ಓದಿದರು: ಚಿತ್ರ ಮತ್ತು ಧ್ವನಿ ಎರಡೂ ಇದ್ದರೆ ಮಾತ್ರ ಅದು ಭೇಟಿ. ರೋಗಿಯನ್ನು ನೋಡದೆ ಮದ್ದು ಬದಲಿಸುವ ಹಾಗಿಲ್ಲ.

"ನೋಡಿದಾಗಲೂ ಕಂಡಿರಲಿಲ್ಲ ಸರ್," ಎಂದೆ. ಹಾಳೆಯ ಕತೆ ಹೇಳಿದೆ. ಮಲ್ಪೆಯ ಬಂದರಿನಲ್ಲೇ ಒಂದು ಕೋಣೆ ಮಾಡಿ, ಬೋಟು ಬಂದಾಗ ಲೈನು ಸಿಗುವ ಹಾಗೆ ಮಾಡಿ ಎಂದೆ. ಅಂಥ ಹುಡುಗರು ಇವನೊಬ್ಬನೇ ಅಲ್ಲ ಎಂದೆ. ಡಾಕ್ಟರಮ್ಮನೂ ನನ್ನ ಪರವಾಗಿ ಮಾತಾಡಿದರು. "ಸರ, ಅಂವ ಸಮುದ್ರದಾಗ ಅದಾನ. ನಮ್ಮ ಟೈಮಿಗೆ ಮೀನು ಬರಂಗಿಲ್ಲ." ಎಲ್ಲರೂ ನಕ್ಕರು. ಮುಖ್ಯಸ್ಥರು ಮುಂದಿನ ವರ್ಷದ ಯೋಜನೆಯಲ್ಲಿ ಸೇರಿಸೋಣ ಎಂದು ಬರೆದುಕೊಂಡರು. ಚಹಾ ಬಂತು, ಅಂಬಡೆ ಬಂತು, ಸಭೆ ಮುಗಿಯಿತು.

ಫೋನಿನಲ್ಲಿ ಹುಡುಗನಿಗೆ ಹೇಳಿದೆ, ಗುಳಿಗೆ ಹಾಗೇ ಮುಂದುವರಿಸು, ಬಿಡಬೇಡ. ಒಮ್ಮೆ ರಜೆ ಮಾಡಿ ಸೋಮವಾರ ಬಾ. "ಸೀಸನ್ನಲ್ಲಿ ರಜೆಯಾ ಅಕ್ಕ?" ಎಂದ. ಮಾತಿನಲ್ಲಿ ಗೇಲಿ ಇತ್ತು. ಗೇಲಿಯ ಅಡಿಯಲ್ಲಿ ಬೇರೆ ಏನೋ ಇತ್ತು.

ಅದಾಗಿ ಕೆಲವು ವಾರ. ಒಂದು ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಮಲ್ಪೆಯಿಂದ ಬೋಟಿನ ಮಾಲಕರ ಆಫೀಸಿನ ಗುಮಾಸ್ತರ ಫೋನು. "ತಾಂಡೇಲರು ವಯರ್‌ಲೆಸ್ಸಿನಲ್ಲಿ ನಿಮ್ಮನ್ನು ಕೇಳ್ತಾ ಇದ್ದಾರೆ ಮಾರಾಯ್ರೆ. ಎಂತ ಅಂತ ಹೇಳುದಿಲ್ಲ. ಬೇಗ ಬರಬೇಕಂತೆ." ರಿಕ್ಷಾ ಹಿಡಿದು ಮಣಿಪಾಲದಿಂದ ಇಳಿದೆ. ದಾರಿಯಲ್ಲೇ ಡಾಕ್ಟರಮ್ಮನಿಗೆ ಫೋನು ಹಚ್ಚಿ, ಇಡಬೇಡಿ ಎಂದೆ.

ಆಫೀಸು ಎಂದರೆ ಬಂದರಿನ ಬದಿಯ ಒಂದು ಕೋಣೆ, ಮೇಜಿನ ಮೇಲೆ ವಯರ್‌ಲೆಸ್ ಸೆಟ್ಟು. ಬಟನ್ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒಬ್ಬರು ಒತ್ತಿದರೆ ಆ ಚಾನೆಲ್ಲಿನಲ್ಲಿರುವ ಎಲ್ಲ ಬೋಟುಗಳಿಗೂ ಕೇಳುತ್ತದೆ. ಹಗಲಿಡೀ ಅದರಲ್ಲಿ ಮೀನಿನ ಮಾತು, ಗಾಳಿಯ ಮಾತು, ಬೈಗುಳ, ನಗು. ಗುಟ್ಟಾಗಿ ಮಾತಾಡಬೇಕೆಂದು ಬೇರೆ ಚಾನೆಲ್ಲಿಗೆ ಹೋದರೆ ಉಳಿದವರೂ ಹಿಂದೆಯೇ ಬರುತ್ತಾರೆ. ಒಬ್ಬ ತಾಂಡೇಲ ಚಾನೆಲ್ ಬದಲಿಸಿದ ಎಂದರೆ ಅವನಿಗೆ ಒಳ್ಳೆಯ ಮೀನು ಸಿಕ್ಕಿದೆ ಎಂದೇ ಅರ್ಥ. ಸಮುದ್ರದ ಮೇಲೆ ಯಾರಿಗೂ ಗುಟ್ಟು ಉಳಿಸಿಕೊಳ್ಳಲು ಬಿಡದ ಜನ ಅವರು.

"ಮೇಡಂ," ಎಂದರು ತಾಂಡೇಲರು. ಕರಕರ ಸದ್ದಿನ ನಡುವೆ ಅವರ ದನಿ ಸಣ್ಣಗಾಗಿತ್ತು. "ನಮ್ಮ ಗ್ಯಾಸ್ಟ್ರಿಕ್‌ನವನಿಗೆ ಜೋರಾಗಿದೆ. ಬೋಟಿನ ಮುಂದಿನ ತುದಿಯಲ್ಲಿ ಕಂಬಿಯ ಹೊರಗೆ ನಿಂತಿದ್ದಾನೆ. ಒಂದೇ ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಯಾರು ಹತ್ತಿರ ಹೋದರೂ ಬಿಡ್ತೇನೆ ಅಂತಾನೆ. ಟಿವಿಯ ಅಕ್ಕನ ಹತ್ತಿರ ಮಾತ್ರ ಮಾತಾಡುದಂತೆ." ಇಂಜಿನ್ನು ನಿಲ್ಲಿಸಿದ್ದರು. ಕ್ಯಾಬಿನ್ನಿನ ಸ್ಪೀಕರು ಪೂರ್ತಿ ಏರಿಸಿ, ಮೈಕನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಡಿದಿದ್ದರು.

ನಾನು ಮೊದಲು ಅದೇ ಸುಳ್ಳಿನ ಭಾಷೆಯಲ್ಲಿ ಮಾತಾಡಿದೆ. ಹೊಟ್ಟೆ ನೋವು ಕಡಿಮೆ ಆಗ್ತದೆ, ಒಳಗೆ ಬಾ, ಮದ್ದು ಉಂಟು ಎಂದೆ. ಅಲೆಯ ಸದ್ದು ಕೇಳಿತು. ಆಮೇಲೆ ದೂರದಿಂದ ಅವನ ಕಿರುಚಾಟ. "ಹೊಟ್ಟೆ ನೋವಲ್ಲ ಅಕ್ಕ! ನಿಮಗೆ ಗೊತ್ತುಂಟು! ನಿಮಗೂ ಸುಳ್ಳಾ?"

ಬಟನ್ ಬಿಟ್ಟೆ. ಕಿವಿಯಲ್ಲಿದ್ದ ಫೋನಿನಲ್ಲಿ ಡಾಕ್ಟರಮ್ಮ ಕೇಳಿದರು, "ಏನಂದಾ?" ಹೇಳಿದೆ. ಎಲ್ಲರಿಗೂ ಕೇಳುತ್ತದೆ ಎಂದೂ ಹೇಳಿದೆ. ಅವರು, "ಖರೆ ಮಾತಾಡ್ರಿ. ಈಗ ಅಂವಗ ಖರೆ ಮಾತಾಡೋರು ಬೇಕು," ಎಂದರು. ಗುಮಾಸ್ತರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಆ ಹುಡುಗನ ಬೋಟು ಹೋಯಿತು. ಹೇಳದಿದ್ದರೆ ಹುಡುಗನೇ ಹೋಗುತ್ತಾನೆ. ಯೋಚಿಸಲು ಅದರಲ್ಲಿ ಏನಿತ್ತು. ಆದರೂ ಬೆರಳು ಬಟನ್ ಮೇಲೆ ಇಳಿಯಲು ಒಪ್ಪಲಿಲ್ಲ.

ಒತ್ತಿದೆ. ಅವನ ಹೆಸರು ಹಿಡಿದು ಕರೆದೆ. "ಆ ಸ್ವರ ಮತ್ತೆ ಬಂದಿದೆಯಾ?"

ಉತ್ತರ ಬರಲಿಲ್ಲ. ಕೈ ಬಿಟ್ಟೇಬಿಟ್ಟ ಎಂದುಕೊಂಡೆ. ಆಮೇಲೆ ಹೊಳೆಯಿತು, ಅವನು ಮೂರು ಎಣಿಸುತ್ತಿದ್ದಾನೆ. ನಾನೇ ಕಲಿಸಿದ್ದು.

"ಬಂದಿದೆ ಅಕ್ಕ. ಕೆಳಗೇ ಇದ್ದಾಳೆ."

"ಗುಳಿಗೆ ಯಾವಾಗ ಬಿಟ್ಟೆ?"

"ಕೈ ನಡುಗ್ತದೆ. ವಿಂಚಿನ ಹಗ್ಗ ಹಿಡೀಲಿಕ್ಕೆ ಆಗುದಿಲ್ಲ. ಕುಡುಕ ಅಂತಾರೆ. ಕುಡಿಯುದಿಲ್ಲ ಅಕ್ಕ ನಾನು."

"ನೀನು ಕುಡಿಯುದಿಲ್ಲ. ಅದು ಮದ್ದಿನ ನಡುಕ. ಮನಸ್ಸಿನ ಕಾಯಿಲೆಗೆ ಡಾಕ್ಟ್ರು ಕೊಟ್ಟ ಮದ್ದು. ನಿನ್ನದು ತಪ್ಪಿಲ್ಲ, ನಡುಕಕ್ಕೂ ಮದ್ದುಂಟು. ಕೇಳ್ತಾ ಉಂಟಾ?"

ಚಾನೆಲ್ಲಿನಲ್ಲಿ ಬೇರೆ ಸದ್ದೇ ಇರಲಿಲ್ಲ. ಆ ಹೊತ್ತಿಗೆ ಎಷ್ಟು ಬೋಟುಗಳು ನೀರಿನ ಮೇಲಿದ್ದವೋ, ಒಬ್ಬರೂ ಬಟನ್ ಒತ್ತಲಿಲ್ಲ. ಅಷ್ಟು ಜನ ಉಸಿರು ಹಿಡಿದು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಡಾಕ್ಟರಮ್ಮ ಹೇಳಿದ್ದನ್ನು ನಾನು ಹೇಳುತ್ತ ಹೋದೆ. ಅವಳು ಕರೆದರೆ ಕರೆಯಲಿ, ಅವಳ ಜೊತೆ ಜಗಳ ಬೇಡ. ನನ್ನ ಮಾತು ಮಾತ್ರ ಕೇಳು. ಇನ್ನೊಂದು ಕೈಯಲ್ಲೂ ಕಂಬಿ ಹಿಡಿ. ಹಿಡಿದೆಯಾ? ಈಗ ಕುಳಿತುಕೋ. ಮಾಮ ಬರ್ತಾರೆ, ಅವರು ನಿನ್ನ ಕೈ ಹಿಡೀತಾರೆ, ಅಷ್ಟೇ. ಪ್ರತಿ ಮಾತಿನ ನಂತರವೂ ಆ ಮೂರು ಎಣಿಕೆಯ ಮೌನ. ದೇವರೇ, ಆ ಮೌನವನ್ನು ನನ್ನ ಶತ್ರುವಿಗೂ ಕೊಡಬೇಡ.

ಕೊನೆಗೆ ತಾಂಡೇಲರ ದನಿ ಬಂತು. "ಸಿಕ್ಕಿದ ಮೇಡಂ." ಆಗ ಉಳಿದ ಬೋಟಿನವರು ಒಬ್ಬೊಬ್ಬರಾಗಿ ಬಟನ್ ಒತ್ತಿದರು. ಹತ್ತಿರದಲ್ಲಿದ್ದೇವೆ, ಬರ್ತಾ ಇದ್ದೇವೆ, ಎಂದಿತು ಒಂದು ಬೋಟು. ಇನ್ನೊಂದು ಬೋಟು ಬಲೆ ಎಳೆದುಕೊಂಡು ಅವರ ಜೊತೆಗೇ ದಡದವರೆಗೆ ಬಂತು. ಯಾರೋ ಒಬ್ಬರು, "ಹೆದರಬೇಡ ಮಾರಾಯ, ನಾವೆಲ್ಲ ಇದ್ದೇವೆ," ಎಂದರು. ಆ ದನಿಯಲ್ಲಿ ಸುಳ್ಳಿರಲಿಲ್ಲ. ಅದನ್ನು ನಾನು ಇವತ್ತಿಗೂ ನಂಬುತ್ತೇನೆ. ಮುಂದೆ ಆದದ್ದು ಅದಕ್ಕೇ ಹೆಚ್ಚು ಸುಡುತ್ತದೆ.

ಮಣಿಪಾಲದಲ್ಲಿ ಅವನನ್ನು ಒಳಗೆ ಸೇರಿಸಿಕೊಂಡರು. ಡಾಕ್ಟರಮ್ಮ ಮೊದಲ ಸಲ ಅವನ ಬೆರಳುಗಳನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದರು. ಕೆಲವು ದಿನ ನೋಡಿ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಅರ್ಧ ಗುಳಿಗೆ. ಸ್ವರವೂ ಬರಲಿಲ್ಲ, ನಡುಕವೂ ನಿಂತಿತು. ಆಗಸ್ಟಿನ ಆ ಗುರುವಾರ ಆಗಬೇಕಿದ್ದದ್ದು ಅಷ್ಟೇ. ವಾರ್ಡಿನ ಹೊರಗೆ ಬಂದು ಡಾಕ್ಟರಮ್ಮ ಗೋಡೆಗೆ ಒರಗಿ ಅತ್ತರು. ನನಗೆ ಅಳು ಬರಲಿಲ್ಲ. ಯಾರಿಗಾದರೂ ಹೊಡೆಯಬೇಕು ಅನಿಸುತ್ತಿತ್ತು, ಹೊಡೆಯಲು ಕೈಗೆ ಸಿಗುವಂಥ ಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಸಭೆಯಲ್ಲಿ ವಯರ್‌ಲೆಸ್ಸಿನ ಮಾತು ಬಂತು. ಚಿತ್ರ ಇರಲಿಲ್ಲವಾದ್ದರಿಂದ ಅದನ್ನು ಭೇಟಿ ಎಂದು ಪರಿಗಣಿಸಲು ಬರುವುದಿಲ್ಲ ಎಂದಾಯಿತು. ಮುಖ್ಯಸ್ಥರು ನನ್ನನ್ನು ಹೊಗಳಿದರು. ಮಲ್ಪೆಯ ಕೋಣೆಯ ವಿಷಯ ಮತ್ತೆ ಮುಂದಿನ ವರ್ಷಕ್ಕೆ ಹೋಯಿತು. ಮುಂದಿನ ವರ್ಷ ಎನ್ನುವುದು ಆ ಯೋಜನೆಗೆ ಬರಲೇ ಇಲ್ಲ. ಕೇಂದ್ರಗಳನ್ನು ಮುಚ್ಚಿದರು, ಕಾಪು ಮತ್ತು ಬಜಗೋಳಿ ಎರಡನ್ನೂ ಒಂದೇ ದಿನ. ಕೊನೆಯವರೆಗೂ ಭೇದ ಮಾಡಲಿಲ್ಲ ನೋಡಿ.

ಹುಡುಗ ಗುಣವಾಗಿ ಮನೆಗೆ ಹೋದ. ಆ ಸೀಸನ್ನು ಮನೆಯಲ್ಲೇ ಕಳೆಯಿತು. ಮರುವರ್ಷದ ನಿಷೇಧ ಮುಗಿಯುತ್ತ ಬಂದು, ಸಮುದ್ರ ಮತ್ತೆ ತೆರೆಯುವ ಹೊತ್ತಾಯಿತು. ಬೋಟಿಗೆ ಬಾ ಎಂದು ತಾಂಡೇಲರು ಮನೆ ಮನೆಗೆ ಹೇಳಿ ಕಳಿಸುವುದು ಆಗಲೇ. ಅವನ ತಾಯಿ ನನಗೆ ಫೋನು ಮಾಡಿದರು, ಯಾರೂ ಕರೆಯುತ್ತಿಲ್ಲ ಎಂದು. ಕಾಪುವಿಗೆ ಹೋದೆ. ತಾಂಡೇಲರು ಮನೆಯೆದುರು ಬಲೆ ಹರಡಿಕೊಂಡು ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು, ಕಣ್ಣು ಮಾತ್ರ ಎತ್ತಲಿಲ್ಲ.

"ಅವನು ಈಗ ಪೂರ್ತಿ ಸರಿ ಇದ್ದಾನೆ," ಎಂದೆ. "ಡಾಕ್ಟ್ರೇ ಹೇಳಿದ್ದಾರೆ."

"ಗೊತ್ತುಂಟು ಮೇಡಂ. ನನ್ನ ಅಕ್ಕನ ಮಗ ಅವನು. ಆದರೆ ನಾನು ಅವನನ್ನು ಹತ್ತಿಸಿದರೆ ಉಳಿದವರು ಇಳೀತಾರೆ. ಅವನ ಮೇಲೆ ಸಿಟ್ಟಲ್ಲ ಅವರಿಗೆ. ವಿಂಚಿನ ಹಗ್ಗದ ಆಚೆ ಬದಿಯಲ್ಲಿ ಅವನಿದ್ದರೆ ಹೆದರಿಕೆ. ಎಲ್ಲರೂ ಕೇಳಿದ್ದಾರಲ್ಲ." ಬಲೆಯ ಒಂದು ಕಣ್ಣಿಗೆ ಬೆರಳು ಹಾಕಿ ಎಳೆದರು. "ನೀವು ಮಾಡಿದ್ದು ಸರಿ. ಅವನು ಇದ್ದಾನಲ್ಲ ಅಂತ ಅಕ್ಕ ದಿನಾ ನಿಮ್ಮ ಹೆಸರು ಹೇಳ್ತಾಳೆ. ನಾನು ಎಂತ ಮಾಡುದು ಹೇಳಿ."

ಬೊಂಡ ಕುಡಿದು ಎದ್ದು ಬಂದೆ. ಬಟನ್ ಒತ್ತಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ನಾಳೆ ಅಂಥದೇ ಫೋನು ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ. ಆದರೆ ಆ ಹುಡುಗ ಎಲ್ಲರ ಹಾಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೇಳಬೇಕಿದ್ದ ಮಾತನ್ನು ಇಡೀ ಸಮುದ್ರದ ಎದುರು ಹೇಳಬೇಕಾಗಿ ಬಂತಲ್ಲ, ಅದು ನನ್ನ ಹೊಟ್ಟೆಯಲ್ಲಿ ಹಾಗೇ ಕುಳಿತಿದೆ.

ಎರಡು ವರ್ಷ ಕಳೆದಿರಬಹುದು. ನಂದಿಕೂರಿನ ಕಡೆ ದೊಡ್ಡ ಕಟ್ಟಡ ಕೆಲಸ ನಡೆಯುತ್ತಿತ್ತು, ಬಾಗಲಕೋಟೆ, ಕೊಪ್ಪಳದ ಕಡೆಯ ಜನ ಶೆಡ್ಡು ಹಾಕಿಕೊಂಡು ಇದ್ದರು. ಹುಡುಗ ಅಲ್ಲಿ ಕಬ್ಬಿಣ ಕಟ್ಟುವ ಕೆಲಸಕ್ಕೆ ಸೇರಿದ್ದಾನೆ, ಮನೆಗೆ ಬರುವುದು ಕಡಿಮೆ, ಗುಳಿಗೆ ತೆಗೆದುಕೊಳ್ಳುತ್ತಾನೋ ಇಲ್ಲವೋ ಒಮ್ಮೆ ನೋಡಿ ಬನ್ನಿ ಎಂದು ಅವನ ತಾಯಿ ಬೇಡಿಕೊಂಡಿದ್ದರು. ಆಗ ನನ್ನ ಕೆಲಸ ಬೇರೆಯಾಗಿತ್ತು, ಆದರೂ ಹೋದೆ. ಸರಳುಗಳ ರಾಶಿಯ ಹತ್ತಿರ ಅವನು ಕೂತಿದ್ದ. ಕಪ್ಪಾಗಿದ್ದ, ಕೆನ್ನೆ ಒಳಗೆ ಹೋಗಿತ್ತು. ಜೊತೆಯವರ ಜೊತೆ ಅವರದೇ ಕನ್ನಡದಲ್ಲಿ ಮಾತಾಡುತ್ತಿದ್ದ, ಅವರೇ ಕಲಿಸಿದ್ದಿರಬೇಕು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

ನನ್ನನ್ನು ನೋಡಿದ. ನಗು ನಿಂತಿತು. ಎದ್ದು ನಾಲ್ಕು ಹೆಜ್ಜೆ ಈ ಕಡೆ ಬಂದು, ಯಾರಿಗೂ ಕೇಳದ ಹಾಗೆ ತುಳುವಿನಲ್ಲಿ ಹೇಳಿದ.

"ಇಲ್ಲಿ ಯಾರಿಗೂ ಗೊತ್ತಿಲ್ಲ ಅಕ್ಕ."

"ಗುಳಿಗೆ?"

"ಒಂದೇ ಶೆಡ್ಡಿನಲ್ಲಿ ಎಲ್ಲರೂ ಮಲಗುದು. ಎಲ್ಲಿ ಅಡಗಿಸಿಡುದು?" ಕೈ ಜೋಡಿಸಲಿಲ್ಲ, ಆದರೆ ಕಣ್ಣು ಅದನ್ನೇ ಮಾಡುತ್ತಿತ್ತು. "ನೀವು ಹೋಗಿ ಅಕ್ಕ. ಇನ್ನು ಬರಬೇಡಿ."

ಕೆಲಸದ ಒಬ್ಬ ಹೆಂಗಸು ತಲೆಯ ಮೇಲಿನ ಬಾಂಡಲಿ ಇಳಿಸಿ, ಬೆವರು ಒರೆಸಿಕೊಳ್ಳುತ್ತ ನಮ್ಮ ಕಡೆ ಬಂದಳು. "ಯಾರ್ ಬೇಕಾಗಿತ್ರೀ ಅಕ್ಕಾರ? ಇವನ ಪರಿಚಯ ಏನ್ರೀ ನಿಮಗ?"

ಅವನು ನೆಲ ನೋಡುತ್ತ ನಿಂತಿದ್ದ.

"ಇಲ್ಲಮ್ಮ," ಎಂದೆ. "ಬೇರೆ ಯಾರೋ ಅಂದುಕೊಂಡೆ."